ಎಡೆಯಲ್ಲಿ ಒಂದು ಎಲೆ ಕಡಿಮೆ



ಹೋದ ಸಂಚಿಕೆಯಲ್ಲಿ ಪಕ್ಷದ ಅಡಿಗೆಯ ಬಗ್ಗೆ ಬರೆದಿದ್ದೆನಲ್ಲ, ಅದಕ್ಕೆ ನಿಮ್ಮಲ್ಲಿ ಅನೇಕರು ಕಾಗದ ಬರೆದಿದ್ದೀರಿ. ಕರ್ಚಿಕಾಯಿ ಎಣ್ಣೆಯಲ್ಲಿ ಬಿಚ್ಚಿಕೊಳ್ಳುವುದೇಕೆ ಎಂದು ಕೇಳಿದವರಿಗೆ ಮುಂದಿನ ಸಲ ಉತ್ತರ ಕೊಡುತ್ತೇನೆ. ಈ ಸಲ ಒಂದೇ ಒಂದು ಕಾಗದದ ವಿಷಯ. ನನ್ನ ತವರೂರು ಸಿರುಗುಪ್ಪದಿಂದಲೇ ಬಂದದ್ದು. ಬರೆದ ಸೋದರಿ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರಿಗೆ ಐವತ್ತೆರಡು ವರ್ಷ, ಮಕ್ಕಳಿಲ್ಲ. ಅಮಾವಾಸ್ಯೆಯ ದಿನ ಮನೆಮಂದಿಗೆಲ್ಲ ಹೋಳಿಗೆ ಬೇಯಿಸಿ ಬಡಿಸುತ್ತಿದ್ದಾಗ ಓರಗಿತ್ತಿ ನಗುನಗುತ್ತಲೇ ಅಂದಳಂತೆ, "ನಿನಗಾದರ ಮುಂದ ಯಾರು ಎಡಿ ಇಡತಾರವ್ವ?" ಆ ಮಾತು ಊಟದ ಗದ್ದಲದಲ್ಲಿ ಮುಗಿದೇ ಹೋಯಿತು. ಆದರೆ ಇವರಿಗೆ ಆ ರಾತ್ರಿ ನಿದ್ದೆಯಿಲ್ಲ. "ಇದ್ದಾಗ ಎಲ್ಲರಿಗೂ ಬಡಿಸಿದವಳಿಗೆ ಸತ್ತ ಮೇಲೆ ಹಸಿವೆಯೇ ಗತಿಯೇ? ಮಗನಿಲ್ಲದವರಿಗೆ ಅಲ್ಲಿ ಜಾಗವಿಲ್ಲ ಎನ್ನುವುದು ನಿಜವೇ? ಹಾಗಿದ್ದರೆ ಅದು ನ್ಯಾಯವೇ?" ಎಂದು ಕೇಳಿದ್ದಾರೆ.

ನಾನು ಎಸ್ಸೆಸ್ಸೆಲ್ಸಿ ಓದಿದವಳು. ಶಾಸ್ತ್ರ ಓದಿದವಳಲ್ಲ. ಆದರೆ ಈ ಕಾಗದ ಓದಿದಾಗ ಕುರುಗೋಡಿನ ನಮ್ಮ ಮನೆಯ ಅಕ್ಕಮ್ಮ ಕಣ್ಣ ಮುಂದೆ ಬಂದು ನಿಂತಳು. ಅವಳ ಕತೆ ಹೇಳದೆ ಉತ್ತರ ಕೊಡಲು ನನಗೆ ಬರುವುದಿಲ್ಲ.

ಅಕ್ಕಮ್ಮ ನಮ್ಮ ಮಾವನವರ ಅಕ್ಕ. ಮಾವ ಅಕ್ಕ ಅಕ್ಕ ಎನ್ನುತ್ತಿದ್ದರೆಂದು ಮನೆಗೆಲ್ಲ, ಕೊನೆಗೆ ಓಣಿಗೆಲ್ಲ ಅಕ್ಕಮ್ಮನೇ ಆದಳು. 1949ರಲ್ಲಿ, ಹದಿನಾಲ್ಕು ವರ್ಷಕ್ಕೆ ಅವಳನ್ನು ಸಿರುಗುಪ್ಪಕ್ಕೆ ಕೊಟ್ಟರು. ನಾಲ್ಕು ವರ್ಷ ಕಾದರು, ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ. 1953ರ ದೀಪಾವಳಿಗೆಂದು ತವರಿಗೆ ಬಂದವಳನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಆ ವರ್ಷ ಅಕ್ಟೋಬರ್ ಒಂದಕ್ಕೆ ನಮ್ಮ ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತ್ತು. ಅಕ್ಕಮ್ಮ ಇದನ್ನೇ ತಮಾಷೆ ಮಾಡುತ್ತಿದ್ದಳು: "ಮದ್ರಾಸಿನಾಗ ಮದುವಿ ಆದೆ, ಮೈಸೂರಿನಾಗ ಬಿಟ್ಟುಬಂದೆ. ಬಳ್ಳಾರಿ ಯಾರಿಗೆ ಸೇರಬೇಕಂತ ದೊಡ್ಡದೊಡ್ಡ ಮಂದಿ ಕುಂತು ಮಾತಾಡಿದ್ರು. ನಾ ಯಾರಿಗೆ ಸೇರಬೇಕಂತ ಯಾರೂ ಕೇಳಲಿಲ್ಲ." ಹೇಳಿ ತಾನೇ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಈಗ ನೆನೆದರೆ ನಗು ಬರುವುದಿಲ್ಲ.

ಐವತ್ತೈದು ವರ್ಷ ಆ ಮನೆಯಲ್ಲಿ ದುಡಿದಳು. ಮಾವನವರನ್ನು ಓದಿಸಿದ್ದು ಅವಳ ಎಮ್ಮೆಯ ಹಾಲಿನ ದುಡ್ಡು. ನಮ್ಮತ್ತೆಯ ಐದು ಬಾಣಂತನ, ನನ್ನದೊಂದು, ಭಾವನ ಹೆಂಡತಿಯದು ಎರಡು, ಎಲ್ಲ ಅವಳ ಕೈಮೇಲೆಯೇ. ಪಿತೃಪಕ್ಷ ಬಂತೆಂದರೆ ಅಡಿಗೆಮನೆಗೆ ಅವಳೇ ಯಜಮಾನಿ. ಯಾವ ಹಿರಿಯರಿಗೆ ಏನು ಇಷ್ಟವಿತ್ತು ಎನ್ನುವುದು ಅವಳಿಗೆ ಬಾಯಿಪಾಠ. "ಅಪ್ಪಗ ಎಣ್ಣೆಗಾಯಿ ಆಗಬೇಕು, ಅವ್ವಗ ಅಲಸಂದಿ ವಡಿ, ಅಜ್ಜಗ ಹೋಳಿಗಿಗೆ ತುಪ್ಪ ಮುಂದ" ಎನ್ನುತ್ತಾ ಸೌದೆ ಒಲೆಯ ಮುಂದೆ ಬೆಳಗಿನ ನಾಲ್ಕಕ್ಕೇ ಕುಳಿತಿರುತ್ತಿದ್ದಳು. 2004ರಲ್ಲಿ ಮಾವ ತೀರಿಕೊಂಡರು. ಮರುವರ್ಷ ತಮ್ಮನ ಎಡೆಗೂ ಅವಳೇ ಅಡಿಗೆ ಮಾಡಿದಳು. ಮಾಡುವಾಗ ಅಳಲಿಲ್ಲ. ಎಡೆ ಎತ್ತಿದ ಮೇಲೆ ಹಿತ್ತಲಿಗೆ ಹೋಗಿ ಎಮ್ಮೆಯ ಮೈ ತಿಕ್ಕುತ್ತಾ ಅತ್ತಳು.

ನಡುವೆ ಇನ್ನೊಂದು ಸಂಗತಿ. ಅವಳ ಗಂಡ 1987ರಲ್ಲಿ ಸತ್ತನಂತೆ. ಮೂವತ್ತನಾಲ್ಕು ವರ್ಷದಲ್ಲಿ ಆ ಮನೆಯಿಂದ ಸುದ್ದಿ ಬಂದದ್ದು ಅದೊಂದೇ ಸಲ. ಬಂದವರು ಅವಳ ಬಳೆ ತೆಗೆಸಿ, ತಾಳಿ ತೆಗೆಸಿ ಹೋದರು. ತಾಳಿ ತೆಗೆಸುವುದಕ್ಕೆ ಆಕೆ ಅವರ ಮನೆಯ ಸೊಸೆ!

2008ರ ಮಾಘದಲ್ಲಿ ಅಕ್ಕಮ್ಮ ತೀರಿಕೊಂಡಳು. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ನಾನು ಬಳ್ಳಾರಿಯಿಂದ ಹಿಂದಿನ ದಿನವೇ ಹೋಗಿ ಅಡಿಗೆಗೆ ನಿಂತೆ. ಅವಳಿಲ್ಲದ ಮೊದಲ ಪಕ್ಷ, ಹೋಳಿಗೆಯ ಹೂರಣವೇ ಹದ ತಪ್ಪಿತು. ಎಡೆ ಇಡುವ ಹೊತ್ತಿಗೆ ನೋಡುತ್ತೇನೆ, ಬಾಳೆಎಲೆ ನಾಲ್ಕೇ. ಮಾವನ ಅಜ್ಜನಿಗೊಂದು, ಅಪ್ಪ ಅವ್ವ ಇಬ್ಬರಿಗೂ ಸೇರಿ ಒಂದು, ಮಾವನಿಗೊಂದು, ಮಾವನ ತಮ್ಮನಿಗೊಂದು. ಆ ತಮ್ಮ ಹನ್ನೆರಡು ವರ್ಷಕ್ಕೆ ಹಾವು ಕಚ್ಚಿ ಹೋದ ಹುಡುಗ, ಅವನಿಗೂ ಎಲೆ ಇದೆ. ಎಪ್ಪತ್ಮೂರು ವರ್ಷ ಬಾಳಿದ ಅಕ್ಕಮ್ಮನಿಗಿಲ್ಲ. ಮೆಲ್ಲಗೆ ಕೇಳಿದೆ. ಭಾವ ಅಂದರು, "ಆಕಿ ಕೊಟ್ಟ ಮಗಳು, ಆಕಿ ಗೋತ್ರ ಬ್ಯಾರೆ. ಆಕಿ ಎಡಿ ಆ ಮನ್ಯಾಗ ಇಡಬೇಕು." ಅದೇ ವರ್ಷ ದೀಪಾವಳಿಗೆ ತವರಿಗೆ ಹೋದಾಗ ಸಿರುಗುಪ್ಪದ ಆ ಮನೆಗೂ ಹೋಗಿ ಬಂದೆ, ಯಾರಿಗೂ ಹೇಳದೆ. ಕುಡಿಯಲು ಚಹಾ ಕೊಟ್ಟರು, ಮರ್ಯಾದೆಯಿಂದಲೇ ಮಾತಾಡಿದರು. "ನಮ್ಮ ಮನ್ಯಾಗ ಬಾಳಲಿಲ್ಲಲ್ಲಮ್ಮ ಆಕಿ, ನಾವ್ಯಾಕ ಇಡೋಣ" ಎಂದರು.

ಹೀಗೆ ಆ ಮನೆಗೂ ಸಲ್ಲಲಿಲ್ಲ, ಈ ಮನೆಗೂ ಸಲ್ಲಲಿಲ್ಲ. ನಾನು? ನಾನು ಮೂರು ವರ್ಷ ಸುಮ್ಮನಿದ್ದೆ. ನಿಮಗೆ ಬುದ್ಧಿ ಹೇಳಲು ಕೂರುವ ಮುಂಚೆ ಇದನ್ನು ಒಪ್ಪಿಕೊಳ್ಳಬೇಕು. ಹಬ್ಬದ ದಿನ ಮನೆಯಲ್ಲಿ ಮಾತು ಬೆಳೆಯಬಾರದೆಂದು ಸುಮ್ಮನಿದ್ದೆ.

ಆ ಮೂರು ವರ್ಷದಲ್ಲಿ ಸಿಕ್ಕಸಿಕ್ಕವರನ್ನು ಕೇಳಿ ತಿಳಿದುಕೊಂಡದ್ದು ಸ್ವಲ್ಪ ಇದೆ. ಪಕ್ಷದ ಹದಿನೈದು ದಿನಗಳಲ್ಲಿ ಎಲ್ಲ ದಿನವೂ ಎಲ್ಲರಿಗೂ ಅಲ್ಲ. ಒಂಬತ್ತನೆಯ ದಿನ ಅವಿಧವಾ ನವಮಿ, ಅದು ಗಂಡನಿಗಿಂತ ಮೊದಲು ಮುತ್ತೈದೆಯಾಗಿ ಹೋದವಳಿಗೆ. ಹದಿನಾಲ್ಕನೆಯ ದಿನ ಘಾತ ಚತುರ್ದಶಿ, ಅದು ಆಯುಧದಿಂದಲೋ ಅಪಘಾತದಿಂದಲೋ ಸತ್ತವರಿಗೆ. ಅಂದರೆ ಬಸ್ಸು ಹಾಯ್ದು ಸತ್ತವನನ್ನೂ ನೆನೆಯಲು ಒಂದು ದಿನ ಎತ್ತಿಟ್ಟಿದ್ದಾರೆ. ಗಂಡ ಮೊದಲು ಹೋದ ಹೆಂಗಸಿಗೆ ಮಾತ್ರ ಅವಳದೇ ಎನ್ನುವ ದಿನವಿಲ್ಲ. ಮೊದಲು ಸಾಯುವುದು, ಆಮೇಲೆ ಸಾಯುವುದು ನಮ್ಮ ಕೈಯಲ್ಲಿದೆಯೇನ್ರೀ? ಗಂಡನ ಬಿ.ಪಿ. ಮಾತ್ರೆ ಹೊತ್ತುಹೊತ್ತಿಗೆ ಕೊಟ್ಟವಳಿಗೆ ಒಂಬತ್ತನೆಯ ದಿನ, ಗಂಡ ಮಾತು ಕೇಳದೆ ಬೀಡಿ ಸೇದಿ ಹೋದರೆ ಅವಳಿಗಿಲ್ಲ! ಕೊನೆಯ ದಿನ ಸರ್ವಪಿತೃ ಅಮಾವಾಸ್ಯೆ ಎಲ್ಲರದು ಎನ್ನುತ್ತಾರೆ, ಹೆಸರೇ ಹಾಗಿದೆ. ಆ ಎಲ್ಲರಲ್ಲಿ ಅಕ್ಕಮ್ಮ ಏಕೆ ಇಲ್ಲ ಎನ್ನುವುದೇ ನನ್ನ ಪ್ರಶ್ನೆ.

ಮಗ ಬೇಕು ಎನ್ನುವುದರ ಮೂಲವನ್ನೂ ಕೇಳಿದೆ. ಪುತ್ ಎಂಬ ಹೆಸರಿನ ನರಕವಿದೆಯಂತೆ, ಅದರಿಂದ ಪಾರು ಮಾಡುವವನು ಪುತ್ರನಂತೆ. ಆಸ್ತಿಯ ವಿಷಯದಲ್ಲಿ 2005ರಲ್ಲಿ ಕಾನೂನು ತಿದ್ದಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಎಂದರು. ಎಡೆಯ ವಿಷಯಕ್ಕೆ ಯಾವ ಕಾನೂನು ಬರಬೇಕು? ಅದನ್ನು ಅಡಿಗೆಮನೆಯಲ್ಲಿ ನಿಂತ ನಾವೇ ನೋಡಿಕೊಳ್ಳಬೇಕು.

ಭಾರತದ ಕತೆಯಲ್ಲೂ ಇದೇ ತಕರಾರು ಇದೆ ನೋಡಿ. ನಮ್ಮ ಊರುಗಳಲ್ಲಿ ಓದಿಸುವುದು ಗದುಗಿನ ಭಾರತ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ, ದುರ್ಯೋಧನ ಬೀಳುವಲ್ಲಿಗೆ ಮುಗಿಯಿತು. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರ್ತಿ ಮಾಡಿದ. ಹಾಗಾಗಿ ಸ್ವರ್ಗಕ್ಕೆ ಹೋಗುವ ಭಾಗವನ್ನು ನಮ್ಮಲ್ಲಿ ಅನೇಕರು ಸರಿಯಾಗಿ ಕೇಳಿಯೇ ಇಲ್ಲ. ಒಂದು ವರ್ಷ ಕುರುಗೋಡಿನ ಗುಡಿಯಲ್ಲಿ ಆ ಭಾಗದ ಪ್ರವಚನ ಇಟ್ಟಿದ್ದರು, ಅಕ್ಕಮ್ಮ ಇನ್ನೂ ಇದ್ದಳು, ನಾವಿಬ್ಬರೂ ಹೋಗಿದ್ದೆವು. ಪಾಂಡವರು ಹಿಮಾಲಯ ಹತ್ತುವಾಗ ಮೊದಲು ಬಿದ್ದವಳು ದ್ರೌಪದಿ. ಭೀಮ ಕೇಳಿದರೆ ಧರ್ಮರಾಯ ಕಾರಣ ಹೇಳಿದ, ಅವಳಿಗೆ ಅರ್ಜುನನ ಮೇಲೆ ಹೆಚ್ಚು ಪ್ರೀತಿ ಎಂದು. ತಿರುಗಿ ನೋಡದೆ ನಡೆದ. ಸ್ವರ್ಗದ ಬಾಗಿಲಲ್ಲಿ ಮಾತ್ರ, ಹಿಂದೆ ಬಂದ ನಾಯಿಯನ್ನು ಬಿಟ್ಟು ಒಳಗೆ ಬರಲಾರೆ ಎಂದು ಹಟ ಹಿಡಿದ. ಪ್ರವಚನದವರು ನಾಯಿಯ ಭಾಗವನ್ನು ಗದ್ಗದ ಕಂಠದಿಂದ ಹೇಳಿದರು, ಎಲ್ಲರೂ ಕಣ್ಣೊರೆಸಿಕೊಂಡರು. ದಾರಿಯಲ್ಲಿ ಬರುವಾಗ ಅಕ್ಕಮ್ಮ ಅಂದಳು: "ನಾಯಿಗೆ ನಿಂತ. ಕಟ್ಟಿಕೊಂಡಾಕಿಗೆ ನಿಲ್ಲಲಿಲ್ಲ."

ಕತೆ ಅಲ್ಲಿಗೇ ಮುಗಿಯುವುದಿಲ್ಲ. ಒಳಗೆ ಹೋದ ಧರ್ಮರಾಯನಿಗೆ ಮೊದಲು ಕಂಡದ್ದು ದುರ್ಯೋಧನ, ಸಿಂಹಾಸನದ ಮೇಲೆ ಮೆರೆಯುತ್ತಿದ್ದ. ಯುದ್ಧದಲ್ಲಿ ಬೆನ್ನು ತೋರಿಸದೆ ಸತ್ತ ಕ್ಷತ್ರಿಯ ಎಂದು ಅವನಿಗೆ ಸ್ವರ್ಗ. ನನ್ನ ತಮ್ಮಂದಿರೆಲ್ಲಿ ಎಂದು ಕೇಳಿದರೆ ಕೊಳೆತ ನಾತದ ಕತ್ತಲ ದಾರಿಯಲ್ಲಿ ಕರೆದೊಯ್ದರು. ಅಲ್ಲಿ ನರಳುವ ದನಿಗಳು ಹೇಳಿಕೊಂಡವು: ನಾನು ಕರ್ಣ, ನಾನು ಭೀಮ, ನಾನು ದ್ರೌಪದಿ. ಆಗ ಧರ್ಮರಾಯ ಧರ್ಮವನ್ನೇ ಬೈದು, ಇವರೆಲ್ಲ ಇರುವಲ್ಲೇ ನಾನೂ ಇರುತ್ತೇನೆ, ನಿಮ್ಮ ಸ್ವರ್ಗ ನನಗೆ ಬೇಡ ಎಂದು ನಿಂತುಬಿಟ್ಟ. ಆಮೇಲೆ ಅದೆಲ್ಲ ಮಾಯೆ ಎಂದು ತೋರಿಸಿ ಎಲ್ಲರನ್ನೂ ಸೇರಿಸುತ್ತಾರೆ. ಮಾಯೆಯೋ ಅಲ್ಲವೋ, ದ್ರೌಪದಿಗಾಗಿ ಅವನು ನಿಂತದ್ದು ಅಲ್ಲಿ. ತಡವಾಯಿತು, ಆದರೂ ನಿಂತ. ಅಕ್ಕಮ್ಮನಿಗೆ ಈ ಭಾಗ ಕೇಳಲು ಸಿಗಲಿಲ್ಲ, ಮರುದಿನ ಎಮ್ಮೆ ಈದಿತ್ತು, ಅವಳು ಪ್ರವಚನಕ್ಕೆ ಬರಲಿಲ್ಲ.

ಬಳ್ಳಾರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮಾಧ್ವರ ಅಜ್ಜಿಯೊಬ್ಬರಿದ್ದರು. ಅವರ ಮತದ ಪ್ರಕಾರ ಜೀವರಲ್ಲಿ ಸ್ವಭಾವದಿಂದಲೇ ಮೂರು ಬಗೆಯಂತೆ: ಮುಕ್ತಿಗೆ ತಕ್ಕವರು, ಸದಾ ಸಂಸಾರದಲ್ಲೇ ಸುತ್ತುವವರು, ಕತ್ತಲೆಗೆ ಹೋಗುವವರು. ನನಗೆ ಸಿಟ್ಟು ಬಂತು. "ಹಂಗಾದ್ರೆ ಹುಟ್ಟೋ ಮೊದಲೇ ಬಸ್ಸಿನ ಸೀಟು ರಿಜರ್ವ್ ಆದಂಗಲ್ಲೇನಜ್ಜಿ?" ಎಂದೆ. ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. "ಯಾರು ಯಾವ ಸಾಲಿನವರು ಅಂತ ನಮಗೆ ತಿಳಿಯೋದಿಲ್ಲಮ್ಮ, ಅದು ದೇವರಿಗೇ ಗೊತ್ತು. ಅದಕ್ಕೇ ಇನ್ನೊಬ್ಬರನ್ನ ನೀನು ಅಲ್ಲಿಗೆ ಅನ್ನೋ ಅಧಿಕಾರ ನಮಗಿಲ್ಲ" ಎಂದರು. ಆಮೇಲೆ ಕನಕದಾಸರ ಕತೆ ಹೇಳಿದರು, ನಿಮಗೂ ಗೊತ್ತಿರುತ್ತದೆ. ವ್ಯಾಸರಾಯರು ಪಂಡಿತರ ಸಭೆಯಲ್ಲಿ ನಮ್ಮಲ್ಲಿ ಮೋಕ್ಷಕ್ಕೆ ಯಾರು ಹೋಗುತ್ತಾರೆ ಎಂದು ಕೇಳಿದರಂತೆ. ಕುರುಬರ ಕನಕ, ನಾನು ಹೋದರೆ ಹೋದೇನು ಎಂದನಂತೆ. ಎಷ್ಟು ಸೊಕ್ಕು ಎಂದು ಪಂಡಿತರು ಕೆಂಡವಾದರು. 'ನಾನು' ಎನ್ನುವುದು ಹೋದರೆ ಹೋಗಬಹುದು ಎಂದು ಅದರ ಅರ್ಥ. ಆ ಸಭೆ ನಡೆದದ್ದು ನಮ್ಮ ಹಂಪಿಯಲ್ಲೇ ಎಂದು ಅಜ್ಜಿಯ ವಾದ. ಹಂಪಿ 2021ರಿಂದ ಬೇರೆ ಜಿಲ್ಲೆಗೆ ಹೋಗಿದೆ, ಆದರೂ ನಮ್ಮದು ಎನ್ನುವುದು ಬಾಯಿಂದ ಹೋಗುವುದಿಲ್ಲ.

ಎದುರು ಮನೆಯ ಲಿಂಗಾಯತ ಗೆಳತಿಗೆ ಈ ಚಿಂತೆಯೇ ಇಲ್ಲ. ಸತ್ತವರು ಲಿಂಗೈಕ್ಯರಾದರು, ಸ್ವರ್ಗ ನರಕ ಎಲ್ಲ ನಮ್ಮ ನಡವಳಿಕೆಯಲ್ಲೇ ಇದೆ ಎಂದು ಬಸವಣ್ಣನವರು ಆಗಲೇ ಹೇಳಿದ್ದಾರಲ್ಲ ಎನ್ನುತ್ತಾಳೆ. ಹಾಗೆನ್ನುವವಳ ಮನೆಯಲ್ಲೂ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ, ಆ ಮಾತು ಬೇರೆ. ಕೌಲ್ ಬಜಾರಿನ ನಮ್ಮ ದರ್ಜಿ ಖಾಲಾ ಷಬ್-ಎ-ಬರಾತ್ ಬಂದರೆ ಹಲ್ವಾ ಮಾಡಿ ಸತ್ತವರ ಹೆಸರಲ್ಲಿ ಹಂಚುತ್ತಾರೆ. ಮಗಳ ಶಾಲೆಯ ಕ್ರೈಸ್ತ ಟೀಚರು ಹೇಳಿದ್ದು ನನಗೆ ಹೊಸದು. ದೀಕ್ಷಾಸ್ನಾನ ಆಗುವ ಮೊದಲೇ ಸತ್ತ ಹಸುಗೂಸು ಸ್ವರ್ಗಕ್ಕೂ ಹೋಗದೆ ನರಕಕ್ಕೂ ಹೋಗದೆ ಅಂಚಿನಲ್ಲೇ ಇರುತ್ತದೆ ಎಂದು ಅವರಲ್ಲಿ ನೂರಾರು ವರ್ಷ ಹೇಳುತ್ತಿದ್ದರಂತೆ. 2007ರಲ್ಲಿ ವ್ಯಾಟಿಕನ್ನಿನ ಪಂಡಿತರ ಸಮಿತಿಯೊಂದು ಕೂತು ವಿಚಾರ ಮಾಡಿ, ಆ ಕೂಸುಗಳಿಗೂ ಸದ್ಗತಿ ಸಿಗುತ್ತದೆಂದು ಆಶಿಸಲು ಕಾರಣವಿದೆ ಎಂದು ಬರೆಯಿತು. ಅದಕ್ಕೂ ಮುಂಚೆ ಕೂಸು ಕಳೆದುಕೊಂಡ ತಾಯಂದಿರು ಎಷ್ಟು ರಾತ್ರಿ ಅತ್ತಿರಬೇಕು! ಬರೆದವರು ಗಂಡಸರು, ಅತ್ತವರು ಹೆಂಗಸರು. ಎಲ್ಲ ಕಡೆಯೂ ಹೀಗೆಯೇ ಎಂದು ತೋರುತ್ತದೆ.

ಈಗ ಸಿರುಗುಪ್ಪದ ಸೋದರಿಗೆ. ಅಮ್ಮ, ನಿಮ್ಮ ಓರಗಿತ್ತಿ ಇನ್ನೊಮ್ಮೆ ಹಾಗೆಂದರೆ ಭೀಷ್ಮನ ಹೆಸರು ಹೇಳಿ. ಭೀಷ್ಮ ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಮಾಘ ಶುದ್ಧ ಅಷ್ಟಮಿಯ ದಿನ, ಭೀಷ್ಮಾಷ್ಟಮಿ ಎಂದು, ಅವನಿಗೆ ಊರೂರಿನ ಜನ ನೀರು ಬಿಡುತ್ತಾರೆ. ಅಪ್ಪ ಬದುಕಿರುವವರೂ ಅವನಿಗೆ ತರ್ಪಣ ಕೊಡಬಹುದಂತೆ. ಇಷ್ಟೇ ಅಲ್ಲ, ತರ್ಪಣ ಕೊಡುವಾಗ ತಾಯಿ ತಂದೆ ಬಂಧು ಬಳಗ ಯಾರೂ ಇಲ್ಲದವರಿಗೆಂದು ಕೊನೆಯಲ್ಲಿ ನೀರು ಬಿಡುವ ಕ್ರಮವೇ ಇದೆ ಎಂದು ನಮ್ಮ ಓಣಿಯ ಪುರೋಹಿತರು ಹೇಳಿದರು. ಅಂದಮೇಲೆ ಶಾಸ್ತ್ರ ಮಾಡಿದವರಿಗೂ ಈ ಚಿಂತೆ ಹತ್ತಿತ್ತು, ಅವರೂ ಒಂದು ಕಿಟಕಿ ಇಟ್ಟಿದ್ದಾರೆ. ಮುಚ್ಚಿದವರು ನಾವು. ಸತ್ತ ಮೇಲೆ ಹಸಿವೆ ಇದೆಯೋ ಇಲ್ಲವೋ ಹೋಗಿ ಬಂದವರು ಯಾರೂ ಇಲ್ಲ, ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ನೀವು ಎತ್ತಿ ಆಡಿಸಿದ ಮೈದುನನ ಮಕ್ಕಳಿದ್ದಾರೆ ಎಂದು ಬರೆದಿದ್ದೀರಲ್ಲ, ಅವರಲ್ಲಿ ಒಬ್ಬಳಿಗೆ ಈಗಲೇ ಹೇಳಿಡಿ, ನನಗೆ ಇಂಥದ್ದು ಇಷ್ಟ, ಮರೀಬ್ಯಾಡ ಎಂದು. ಅಳುತ್ತಾ ಹೇಳಬೇಡಿ, ಊಟಕ್ಕೆ ಕೂತಾಗ ಹೇಳಿ. ಹುಡುಗಿಗೆ ಹೇಳಿದರೆ ನೆನಪಿರುತ್ತದೆ.

ಇನ್ನು ನಾನು ಮಾಡಿದ್ದು. 2011ರ ಅಮಾವಾಸ್ಯೆಗೆ ಕುರುಗೋಡಿಗೆ ಹೋಗುವಾಗ ಬಳ್ಳಾರಿ ಬಜಾರಿನಲ್ಲಿ ಒಂದು ಸೀರು ಜೋಳದ ನುಚ್ಚು ಕಟ್ಟಿಸಿಕೊಂಡೆ. ಅಕ್ಕಮ್ಮನಿಗೆ ಹೋಳಿಗೆ ಸೇರುತ್ತಿರಲಿಲ್ಲ. ಊರಿಗೆಲ್ಲ ಹೋಳಿಗೆ ಮಾಡಿ ತಾನು ನುಚ್ಚು ಮಜ್ಜಿಗೆ ಉಣ್ಣುತ್ತಿದ್ದಳು. ಮಾಡುವುದು ಸುಲಭ. ಒಂದು ಬಟ್ಟಲು ನುಚ್ಚನ್ನು ಕೇರಿ, ತೊಳೆದು, ಅರ್ಧ ತಾಸು ನೆನೆಹಾಕಿ. ನಾಲ್ಕು ಬಟ್ಟಲು ನೀರು ಕುದಿಗೆ ಬಂದಾಗ ಉಪ್ಪು ಹಾಕಿ, ನುಚ್ಚು ಸುರಿದು, ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಗಂಟಾಗಬಾರದು. ಕಾಳು ಬೆರಳಿಗೆ ಮೆತ್ತಗೆ ಹಿಸುಕಿದಾಗ ಇಳಿಸಿ, ಮುಚ್ಚಿಟ್ಟು ಆರಲು ಬಿಡಿ. ಹುಳಿ ಮಜ್ಜಿಗೆ, ಹಸಿ ಉಳ್ಳಾಗಡ್ಡಿ, ಕೆಂಪು ಮೆಣಸಿನಕಾಯಿ ಚಟ್ನಿ ಜೊತೆಗಿದ್ದರೆ ಮತ್ತೇನೂ ಬೇಡ. ಎಡೆಗೆ ಉಳ್ಳಾಗಡ್ಡಿ ಇಡುವಂತಿಲ್ಲವೆಂದು ನಾನು ಅದನ್ನು ಬಿಟ್ಟೆ. ಇಟ್ಟರೂ ಅವಳೇನೂ ಅನ್ನುತ್ತಿರಲಿಲ್ಲ.

ನಾಲ್ಕು ಎಲೆಯ ಪಕ್ಕದಲ್ಲಿ ಐದನೆಯದನ್ನು ಹಾಸಿದೆ. ಕೈ ನಡುಗುತ್ತಿತ್ತು. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲೇ ಇಲ್ಲ, ಅವರ ಒಪ್ಪಿಗೆ ಯಾವಾಗಲೂ ಹಾಗೆಯೇ. ಭಾವ ನೋಡಿದರು. "ಇದೇನು ಹೊಸದು?" ಎಂದರು. "ಅಕ್ಕಮ್ಮಂದು" ಎಂದೆ. ಅವರು ನಾಲ್ಕು ಎಲೆಗೆ ಆರತಿ ಎತ್ತಿ ತಟ್ಟೆ ಕೆಳಗಿಟ್ಟರು. ಐದನೆಯದಕ್ಕೆ ಎತ್ತಲಿಲ್ಲ. ಅವರ ಬಾಣಂತಿ ಹೆಂಡತಿಗೆ ಎರೆದದ್ದು, ಅವರ ಮಕ್ಕಳ ಮೂಗು ಒರೆಸಿದ್ದು ಅಕ್ಕಮ್ಮನೇ. ನಾನು ಏನೋ ಅನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಮೂಲೆಯಲ್ಲಿ ಗೋಡೆಗೊರಗಿ ಕುಳಿತಿದ್ದ ನಮ್ಮತ್ತೆ ಎದ್ದರು. ಅವರಿಗೂ ಅಕ್ಕಮ್ಮನಿಗೂ ನಲವತ್ತು ವರ್ಷ ಒಂದೇ ಒಲೆ. ಜಗಳವೂ ಅಷ್ಟೇ ಆಗಿತ್ತು. ಮಂಡಿ ಹಿಡಿದುಕೊಂಡು ಬಂದು ಆರತಿ ತಟ್ಟೆ ಎತ್ತಿಕೊಂಡು ಐದನೆಯ ಎಲೆಗೆ ಬೆಳಗಿದರು. ಹೆಂಗಸರು ಎಡೆಗೆ ಆರತಿ ಎತ್ತುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಯಾರೂ ಮಾತಾಡಲಿಲ್ಲ. ಆಮೇಲೆ ಬಗ್ಗಿ ಎಲೆಯನ್ನು ನೋಡಿ ನನ್ನನ್ನು ಕೇಳಿದರು,

"ನುಚ್ಚಿಗೆ ಉಪ್ಪು ಎಷ್ಟು ಹಾಕೀದಿ?"

"ಒಂದು ಚಮಚೆ, ಅತ್ತೆ."

"ಸಾಲಂಗಿಲ್ಲ. ಆಕಿಗೆ ಉಪ್ಪು ಮುಂದ ಬೇಕು. ಇನ್ನೊಂದು ಚಿಟಿಕಿ ತಂದು ಎಲಿ ಅಂಚಿಗೆ ಇಡು."